ಹಳೆಯ ಪಿಕಪ್ಪಿನಲ್ಲಿ ಪೆಟ್ರೋಲ್ ಎಲ್ಲಿ ನಿಂತಿತು?

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತರಿಗೆ ನೀಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಆದರೂ ಇಂದು ಗಾಡಿಯ ವಿಷಯ ಮಾತನಾಡುತ್ತಿದ್ದೇನೆ. ಏಕೆಂದರೆ ಬೆಳೆದದ್ದು ಮಾರುಕಟ್ಟೆ ತಲುಪಿದಾಗಲೇ ಬೇಸಾಯ ಮುಗಿಯುತ್ತದೆ. ಎಳನೀರು ತುಂಬಿ ಮದ್ದೂರಿಗೆ ಹೊರಟ ಹಳೆಯ ಪೆಟ್ರೋಲ್ ಪಿಕಪ್ ಏರಿನಲ್ಲಿ ನಿಂತರೆ ಆ ದಿನದ ಬೆಲೆ ಕೈತಪ್ಪುತ್ತದೆ. ಆತುರದಲ್ಲಿ ಕೆಲವರು ಕಾರ್ಬುರೇಟರನ್ನೇ ಬದಲಿಸುತ್ತಾರೆ. ಮಾರನೆಯ ವಾರ ಗಾಡಿ ಅದೇ ಏರಿನಲ್ಲಿ ಮತ್ತೆ ನಿಲ್ಲುತ್ತದೆ. ದೋಷ ಒಂದು ಕಡೆ, ಹಣ ಸುರಿದದ್ದು ಇನ್ನೊಂದು ಕಡೆ.

ನಾಲೆಯ ಕೊನೆಯ ಭಾಗದ ರೈತರಿಗೆ ಇದರ ಮರ್ಮ ಚೆನ್ನಾಗಿ ಗೊತ್ತು. ಗದ್ದೆಗೆ ನೀರು ಬಾರದಿದ್ದರೆ ಅವರು ಗದ್ದೆಯನ್ನು ಅಗೆಯುವುದಿಲ್ಲ. ನಾಲೆಯ ಏರಿ ಹಿಡಿದು ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾರೆ. ಗಾಡಿಯಲ್ಲಿ ಟ್ಯಾಂಕು ಕಟ್ಟೆಯಿದ್ದಂತೆ, ಪೈಪು ನಾಲೆಯಿದ್ದಂತೆ. ಕಾರ್ಬುರೇಟರಿನ ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವೇ ತೂಬು. ವ್ಯತ್ಯಾಸ ಒಂದೇ: ನಾಲೆಯ ನೀರು ತಾನಾಗಿ ಇಳಿದು ಬರುತ್ತದೆ, ಪೆಟ್ರೋಲನ್ನು ಪಂಪು ಎಳೆದು ತರಬೇಕು.

ಮೊದಲು ಎಚ್ಚರಿಕೆಯ ಮಾತು. ಇಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ ಈ ಕೆಲಸ ಮಾಡಬೇಕು. ಹತ್ತಿರ ಬೀಡಿ, ದೀಪ ಇರಕೂಡದು. ಒಂದು ಬಕೆಟ್ ಮರಳು ಇರಲಿ. ಬಾಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸವನ್ನು ಖಂಡಿತ ಬಿಡಬೇಕು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ನುಂಗಿದವರಿಗೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಪರೀಕ್ಷೆಯ ಕ್ರಮ.

1. ಟ್ಯಾಂಕಿನ ಮುಚ್ಚಳ: ಗಾಡಿ ನಿಂತ ತಕ್ಷಣ ಮುಚ್ಚಳವನ್ನು ಸಡಿಲಿಸಿ. ಗಾಳಿ 'ಸುಯ್' ಎಂದು ಒಳಕ್ಕೆ ನುಗ್ಗಿ, ಅನಂತರ ಗಾಡಿ ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿಯಾಡುವ ರಂಧ್ರ ಕಟ್ಟಿದೆ ಎಂದರ್ಥ. ಅದನ್ನು ಶುಚಿಮಾಡಲು ಕಾಸೂ ಬೇಡ.

2. ಬಟ್ಟಲಿನಲ್ಲಿ ಪೆಟ್ರೋಲ್ ಇದೆಯೇ? ಇಂಜಿನ್ ಆರಿಸಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಮುಖವನ್ನು ದೂರವಿಟ್ಟು ಕಾರ್ಬುರೇಟರಿನ ಬಾಯಿಯನ್ನು ನೋಡಿರಿ. ಆಕ್ಸಿಲರೇಟರ್ ತಂತಿ ಎಳೆದಾಗ ಪೆಟ್ರೋಲ್ ಚಿಮ್ಮಿದರೆ ಅಲ್ಲಿಯವರೆಗೆ ಇಂಧನ ಬಂದಿದೆ. ಜೆಟ್ಟುಗಳನ್ನೂ ಪ್ಲಗ್ಗಿನ ಕಿಡಿಯನ್ನೂ ನೋಡಬೇಕು. ಚಿಮ್ಮದಿದ್ದರೆ ಹಿಂದಕ್ಕೆ ಹೋಗಬೇಕು.

3. ಪಂಪಿನ ಹರಿವು: ಕಿಡಿ ಹುಟ್ಟದಂತೆ ಇಗ್ನಿಷನ್ ಕಾಯಿಲಿಗೆ ಬರುವ ತಂತಿಯನ್ನು ಬಿಚ್ಚಿರಿ. ಕಾರ್ಬುರೇಟರಿಗೆ ಹೋಗುವ ಪೈಪನ್ನು ಒಂದು ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆಸಿರಿ. ಪೆಟ್ರೋಲ್ ಬಿಟ್ಟು ಬಿಟ್ಟು ಬಲವಾಗಿ ಬಂದರೆ ಪಂಪು ಸರಿಯಿದೆ. ದೋಷ ನೀಡಲ್ ವಾಲ್ವಿನಲ್ಲಿ ಇಲ್ಲವೆ ಅದರ ಬಾಯಲ್ಲಿರುವ ಜಾಲರಿಯಲ್ಲಿ.

4. ಹರಿವು ಸೊರಗಿದ್ದರೆ: ಮೊದಲು ಫಿಲ್ಟರ್ ಬದಲಿಸಿರಿ. ಆಗಲೂ ಬಾರದಿದ್ದರೆ, ಪಂಪಿನ ಒಳಬದಿಗೆ ಒಂದು ತುಂಡು ಹೊಸ ಪೈಪು ಸಿಕ್ಕಿಸಿ ಅದನ್ನು ಶುದ್ಧ ಪೆಟ್ರೋಲಿನ ಡಬ್ಬಿಯಲ್ಲಿ ಮುಳುಗಿಸಿರಿ. ಈಗ ಚೆನ್ನಾಗಿ ಬಂದರೆ ದೋಷ ಟ್ಯಾಂಕಿನ ಕಡೆಯದು. ಆ ಭಾಗದ ರಬ್ಬರ್ ಪೈಪು ಸೀಳಿದ್ದರೆ ಪೆಟ್ರೋಲ್ ತೊಟ್ಟಿಕ್ಕದಿರಬಹುದು. ಪಂಪು ಎಳೆಯುವಾಗ ಗಾಳಿ ಒಳಸೇರುತ್ತದೆ. ಈ ಸೀಳು ಬಹಳ ಜನರ ಕಣ್ಣು ತಪ್ಪಿಸುತ್ತದೆ. ಡಬ್ಬಿಯಿಂದಲೂ ಬಾರದಿದ್ದರೆ, ಮೆಕ್ಯಾನಿಕ್‌ಗಳು ಎ.ಸಿ. ಪಂಪು ಎನ್ನುವ ಪಂಪಿನದೇ ದೋಷ. ಅದರ ಡಯಾಫ್ರಂ ಹರಿದಿದ್ದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಸೇರಬಹುದು. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ, ಡಯಾಫ್ರಂ ಸರಿಪಡಿಸಿ ಆಯಿಲ್ ಬದಲಿಸುವವರೆಗೆ ಇಂಜಿನ್ ಚಾಲು ಮಾಡಬಾರದು.

5. ಜೆಟ್ಟುಗಳು: ನಿಂತಲ್ಲಿ ಚೆನ್ನಾಗಿ ಓಡಿ, ಹೊರೆ ಬಿದ್ದಾಗ ಸೊರಗುವ ಗಾಡಿಗೆ ಪಂಪು ಸರಿಯಿದ್ದರೆ ಮುಖ್ಯ ಜೆಟ್ಟನ್ನು ನೋಡಿರಿ. ಓಡುವಾಗ ಸರಿಯಿದ್ದು ನಿಂತಾಗ ಆರಿದರೆ ಐಡಲ್ ಜೆಟ್ಟನ್ನು ನೋಡಿರಿ. ತಂತಿಯಿಂದ ಎಂದೂ ಚುಚ್ಚಬೇಡಿರಿ. ರಂಧ್ರ ದೊಡ್ಡದಾದರೆ ಪೆಟ್ರೋಲ್ ಹೆಚ್ಚು ಸುಡುತ್ತದೆ. ಗಾಳಿ ಊದಿಸಿ ಶುಚಿಮಾಡಿದರೆ ಸಾಕು.

ಈಗ ಸೇರಿಕೊಂಡಿರುವ ಹೊಸ ಕಾರಣವೊಂದಿದೆ. 2023ರ ಫೆಬ್ರವರಿ 6ರಂದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಅನಂತರ ಅದು ದೇಶದಾದ್ಯಂತ ಹರಡಿತು. ಎಥನಾಲ್ ಕಬ್ಬಿನ ರಸ ಮತ್ತು ಕಾಕಂಬಿಯಿಂದಲೂ ತಯಾರಾಗುವುದರಿಂದ ಕಬ್ಬು ಬೆಳೆಗಾರರಿಗೆ ಅದು ಬೇಕಾದ ವಸ್ತು. ಆದರೆ ಕಾರ್ಬುರೇಟರ್ ಕಾಲದ ಗಾಡಿಗಳ ರಬ್ಬರನ್ನು ಇದಕ್ಕಾಗಿ ಮಾಡಿದ್ದಲ್ಲ. ಅದು ಉಬ್ಬಿ ಬಿರಿಯಬಹುದು. ಟ್ಯಾಂಕಿನ ಹಳೆಯ ಕೊಳೆ ಬಿಟ್ಟುಕೊಂಡು ಫಿಲ್ಟರ್ ಕಟ್ಟಬಹುದು. ಎಥನಾಲ್ ನೀರನ್ನು ಹೀರುತ್ತದೆ. ಮಿತಿಮೀರಿದಾಗ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ಟ್ಯಾಂಕಿನ ತಳದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಒಂದು ಗಂಟೆ ಇಡಿರಿ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕನ್ನು ಬರಿದು ಮಾಡಿಸಬೇಕು. ಎಥನಾಲ್ ತಾಳುವ ಪೈಪು, ಡಯಾಫ್ರಂಗಳನ್ನೇ ಕೇಳಿ ಹಾಕಿಸಿರಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನೂ ಬಟ್ಟಲನ್ನೂ ಬರಿದು ಮಾಡುವುದು ಲೇಸು.

ಪೆಟ್ರೋಲ್ ಪಂಪ್‌ಸೆಟ್ಟಿಗೂ ಇದೇ ಕ್ರಮ. ಅದರ ಟ್ಯಾಂಕು ಮೇಲಿದ್ದು ಪೆಟ್ರೋಲ್ ತಾನಾಗಿ ಇಳಿಯುವುದಾದರೆ, ಪಂಪಿನ ಪರೀಕ್ಷೆಯೊಂದನ್ನು ಬಿಟ್ಟರಾಯಿತು. ಅದನ್ನು ನಾಲೆಗೆ ನೀರು ಬಿಡುವ ಮುನ್ನವೇ ನಡೆಸಿರಿ. ನೀರು ಬಂದ ದಿನ ಬಿಚ್ಚಲು ಕುಳಿತರೆ ಸರದಿ ಕಳೆದುಹೋಗುತ್ತದೆ.

ಮುಚ್ಚಳ, ಫಿಲ್ಟರ್, ಪೈಪು ಇವುಗಳನ್ನು ಮೊದಲು ನೋಡಿ. ಕಾರ್ಬುರೇಟರಿಗೆ ಕೊನೆಯಲ್ಲಿ ಕೈಹಾಕಿ. ಎಲ್ಲಿಯವರೆಗೆ ಪೆಟ್ರೋಲ್ ಬಂದಿದೆ ಎಂದು ಕಣ್ಣಾರೆ ಕಾಣುವವರೆಗೆ ಯಾವ ಭಾಗವನ್ನೂ ಕೊಳ್ಳಬೇಡಿರಿ.