ಆಡುವ ಮಕ್ಕಳಿಗೆ ಓಟಿಲ್ಲ



ಈ ಸಮ್ಮೇಳನದ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಜಗಳದ ಬಗ್ಗೆ ಮಾತಾಡಿ ಎಂದಿದ್ದೀರಿ. ಈ ಕುರ್ಚಿ ಸಂಜೆ ಐದಕ್ಕೆ ಖಾಲಿಯಾಗುತ್ತದೆ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡೆ. ನಮ್ಮ ಫುಟ್‌ಬಾಲ್‌ನಲ್ಲಿ ಹೇಳಿದ ಹೊತ್ತಿಗೆ ಖಾಲಿಯಾಗುವ ಕುರ್ಚಿ ಅಪರೂಪ.

ನನ್ನ ಹತ್ತಿರ ಇರುವುದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಧಿಕಾರದ ಜಗಳ ಎಲ್ಲಿಲ್ಲ? ಹಾಲು ಉತ್ಪಾದಕರ ಸಂಘದಲ್ಲಿದೆ, ಬಡಾವಣೆಯ ಗಣೇಶೋತ್ಸವ ಸಮಿತಿಯಲ್ಲಿದೆ, ಸಾಹಿತಿಗಳ ಸಂಘದಲ್ಲಂತೂ ಇದ್ದೇ ಇದೆ. ಆದರೆ ಮಕ್ಕಳ ಲೀಗಿನಲ್ಲಿ ಜಗಳದ ಖರ್ಚು ಮಕ್ಕಳ ವಯಸ್ಸಿನಿಂದ ಕಳೆದುಹೋಗುತ್ತದೆ. ಪದಾಧಿಕಾರಿಗೆ ಎರಡು ವರ್ಷದ ಮೊಕದ್ದಮೆ ಎಂದರೆ ಅವರ ಅವಧಿಯಲ್ಲಿ ಅರ್ಧ. 13 ವರ್ಷದೊಳಗಿನವರ ತಂಡದಲ್ಲಿರುವ ಹುಡುಗನಿಗೆ ಅದೇ ಎರಡು ವರ್ಷ ಎಂದರೆ ಆ ವಿಭಾಗದ ಬಾಗಿಲೇ ಮುಚ್ಚಿತು. ಕೊನೆಗೆ ತೀರ್ಪು ಅವನ ಕ್ಲಬ್ಬಿನ ಪರವಾಗಿ ಬಂದರೂ ಆ ಸೀಸನ್ನನ್ನು ಯಾವ ನ್ಯಾಯಾಧೀಶರೂ ಅವನಿಗೆ ವಾಪಸು ಕೊಡಿಸಲಾರರು.

ನಮ್ಮ ಗಲ್ಲಿಯ ಜಗಳಕ್ಕೆ ಬರುವ ಮುಂಚೆ ದೆಹಲಿಯ ಜಗಳವನ್ನು ನೋಡೋಣ. ಅದು ದಾಖಲೆಯಲ್ಲಿದೆ, ದಿನಾಂಕ ಸಮೇತ ಇದೆ, ಯಾರೂ ಇಲ್ಲವೆನ್ನುವಂತಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದು 1937ರಲ್ಲಿ. 1988ರಿಂದ 2022ರವರೆಗೆ ಅದಕ್ಕೆ ಇದ್ದದ್ದು ಇಬ್ಬರೇ ಅಧ್ಯಕ್ಷರು: ಮೊದಲು ಪ್ರಿಯರಂಜನ್ ದಾಸ್‌ಮುನ್ಶಿ, ಆಮೇಲೆ ಪ್ರಫುಲ್ ಪಟೇಲ್. ಇಬ್ಬರೂ ಕೇಂದ್ರ ಸಚಿವರಾಗಿದ್ದವರು. ಆಗಿನ ರಾಷ್ಟ್ರೀಯ ಕ್ರೀಡಾ ಸಂಹಿತೆಯ ಪ್ರಕಾರ ಒಬ್ಬರು ಅಧ್ಯಕ್ಷರಾಗಿ ಹೆಚ್ಚೆಂದರೆ 12 ವರ್ಷ ಇರಬಹುದಿತ್ತು. 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆಯಬೇಕಿತ್ತು. ಫೆಡರೇಷನ್ನಿನ ಸಂವಿಧಾನದ ಕರಡು ಸುಪ್ರೀಂ ಕೋರ್ಟಿನಲ್ಲಿದೆ, ಅದು ತೀರ್ಮಾನವಾಗಲಿ ಎಂಬ ಕಾರಣ ಹೇಳಿ ಚುನಾವಣೆ ನಡೆಸಲಿಲ್ಲ. ಅವಧಿ ಮುಗಿದ ಸಮಿತಿಯೇ ಮುಂದುವರಿಯಿತು. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಆ ಸಮಿತಿಯನ್ನು ಇಳಿಸಿ, ನಿವೃತ್ತ ನ್ಯಾಯಮೂರ್ತಿ ಎ.ಆರ್. ದವೆ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ, ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಈ ಮೂವರ ಆಡಳಿತ ಸಮಿತಿಯನ್ನು ಕೂರಿಸಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 15ರ ದಿನಾಂಕ ಹೊತ್ತ ಪ್ರಕಟಣೆಯಲ್ಲಿ, ಹೊರಗಿನವರ ಅನುಚಿತ ಪ್ರಭಾವ ಎಂಬ ಕಾರಣ ಕೊಟ್ಟು ಫಿಫಾ ಭಾರತವನ್ನು ಅಮಾನತು ಮಾಡಿತು.

ಆ ಹೊತ್ತಿಗೆ 17 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್‌ಗೆ ಎರಡು ತಿಂಗಳೂ ಉಳಿದಿರಲಿಲ್ಲ. ಅಕ್ಟೋಬರ್ 11ರಿಂದ ಭುವನೇಶ್ವರ, ಮಡಗಾಂವ್, ನವಿ ಮುಂಬೈನಲ್ಲಿ ನಡೆಯಬೇಕಿದ್ದ ಆ ಪಂದ್ಯಾವಳಿ ನಿಗದಿಯಂತೆ ಭಾರತದಲ್ಲಿ ಆಗದು ಎಂದು ಫಿಫಾ ಅದೇ ಪ್ರಕಟಣೆಯಲ್ಲಿ ಹೇಳಿತ್ತು. ಇದರ ಹಿಂದೆ ಇನ್ನೊಂದು ಕಥೆಯಿದೆ. 2020ರ ವಿಶ್ವಕಪ್ಪೂ ಭಾರತಕ್ಕೇ ಸಿಕ್ಕಿತ್ತು. ಕೋವಿಡ್‌ನಿಂದ ಮುಂದೆ ಹೋಗಿ, ಕೊನೆಗೆ ರದ್ದಾಯಿತು. ಅದಕ್ಕಾಗಿ ತಯಾರಾಗಿದ್ದ, 2003ರಲ್ಲೋ 2004ರಲ್ಲೋ ಹುಟ್ಟಿದ ಹುಡುಗಿಯರಿಗೆ 2022ರ ಹೊತ್ತಿಗೆ ವಯಸ್ಸು ದಾಟಿಹೋಗಿತ್ತು. 2005ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗಷ್ಟೇ ಅವಕಾಶ. ರೋಗಕ್ಕೆ ಕಳೆದುಕೊಂಡದ್ದನ್ನು ಹಣೆಬರಹ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕುರ್ಚಿಗೆ ಕಳೆದುಕೊಂಡಿದ್ದರೆ ಎರಡನೆಯ ತಂಡದ ಹುಡುಗಿಯರಿಗೆ ಏನೆಂದು ಹೇಳುತ್ತಿದ್ದೆವು?

ಆ ತಂಡದ ನಾಯಕಿ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಹಳ್ಳಿ ಹುಡುಗಿ. ಮಗಳು ನಾಯಕಿಯಾದಳೆಂದು ಸರ್ಕಾರ ಮನೆಗೆ ರಸ್ತೆ ಹಾಕಿಸಿದಾಗ ಅದೇ ರಸ್ತೆಯ ಕೂಲಿಗೆ ತಂದೆ ತಾಯಿ ಹೋಗುತ್ತಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಪ್ರಫುಲ್ ಪಟೇಲ್ ಯಾರು, ಸಂವಿಧಾನದ ಕರಡು ಯಾವುದು ಎಂದು ಆ ಮನೆಯವರಿಗೆ ಯಾರಾದರೂ ತಿಳಿಸಿದ್ದರೇ?

ವಿಶ್ವಕಪ್ ಉಳಿಯಿತು. ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಆಡಳಿತ ಸಮಿತಿಯನ್ನು ಕೊನೆಗೊಳಿಸಿತು, 26ರಂದು ಫಿಫಾ ಅಮಾನತು ಹಿಂತೆಗೆಯಿತು. ಹುಡುಗಿಯರು ಭುವನೇಶ್ವರದಲ್ಲಿ ಆಡಿದರು. ಅಮೆರಿಕ ವಿರುದ್ಧ 0–8, ಮೊರಾಕ್ಕೊ ವಿರುದ್ಧ 0–3, ಬ್ರೆಜಿಲ್ ವಿರುದ್ಧ 0–5. ಮೂರನ್ನೂ ಸೋತರು. ಆದರೆ ಮೈದಾನದಲ್ಲಿ ಸೋತರು, ಅದು ಆಟ. ಅಷ್ಟೂ ಸಿಗದವರು ಗೋಕುಲಂ ಕೇರಳದ ಮಹಿಳಾ ತಂಡದವರು. ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್‌ಗೆ ಹೋಗಿ ಇಳಿದ ಮೇಲೆ ಅಮಾನತಿನ ಸುದ್ದಿ ಬಂತು. ಒಂದು ಪಂದ್ಯವನ್ನೂ ಆಡದೆ ವಾಪಸು ಬಂದರು.

ತಪ್ಪು ಯಾರದು ಎಂದು ಕೇಳಿದರೆ ನನಗೆ ಗೊಂದಲವಿಲ್ಲ. ಅವಧಿ ಮುಗಿದವರನ್ನು ಕೋರ್ಟ್ ಇಳಿಸಿದ್ದು ಸರಿ. ಫಿಫಾದ ನಿಯಮ ನಮಗೆ ಒರಟೆನಿಸಿದರೂ ಅದು ಎಲ್ಲರಿಗೂ ಗೊತ್ತಿದ್ದ ನಿಯಮ. 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಿದ್ದರೆ ಕೋರ್ಟಿಗೂ ಫಿಫಾಕ್ಕೂ ಕೆಲಸವಿರುತ್ತಿರಲಿಲ್ಲ. ಸಕಾಲಕ್ಕೆ ಸಭೆ ಕರೆಯದವರಿಂದಲೇ ಇಷ್ಟೂ ಆಯಿತು. ಸೆಪ್ಟೆಂಬರ್ 2ರಂದು ಕೊನೆಗೂ ಚುನಾವಣೆ ನಡೆದಾಗ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆಯವರಿಗೆ 33 ಮತ, ರಾಷ್ಟ್ರೀಯ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾ ಅವರಿಗೆ 1. ಮತದಾರರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು ಮಾತ್ರ. ಭುಟಿಯಾ ಗೆಲ್ಲಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಆಟಗಾರನಾಗಿ ಗಳಿಸಿದ ಹೆಸರು ಸಂಘದ ಮತಪೆಟ್ಟಿಗೆಯಲ್ಲಿ ಚಲಾವಣೆಯಾಗುವುದಿಲ್ಲ ಎಂಬುದನ್ನು ನೆನಪಿಡಿ, ಅಷ್ಟೇ.

ಮೂರು ವರ್ಷದ ಮೇಲೆ, 2025ರ ಸೆಪ್ಟೆಂಬರ್ 19ರಂದು, ಫೆಡರೇಷನ್ನಿನ ಹೊಸ ಸಂವಿಧಾನಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅಳವಡಿಸಿಕೊಳ್ಳುವಾಗ ಜಗ್ಗಾಟ ನಡೆದದ್ದು ಯಾವುದರ ಮೇಲೆ? ಮಕ್ಕಳ ಲೀಗಿನ ಮೇಲಲ್ಲ. ರಾಷ್ಟ್ರೀಯ ಸಂಸ್ಥೆಯಲ್ಲಿ ಹುದ್ದೆ ಹಿಡಿದವರು ರಾಜ್ಯ ಸಂಸ್ಥೆಯ ಹುದ್ದೆ ಬಿಡಬೇಕು ಎಂಬ ವಿಧಿಯ ಮೇಲೆ! ಅದೇ ವರ್ಷ ಇಂಡಿಯನ್ ಸೂಪರ್ ಲೀಗಿನ ವಾಣಿಜ್ಯ ಒಪ್ಪಂದದ ಗೊಂದಲದಿಂದ ಸೀಸನ್ ಸಕಾಲಕ್ಕೆ ಆರಂಭವಾಗಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಅದನ್ನು ತಿಳಿಸಿದ ಪ್ರಕಟಣೆಯಲ್ಲೇ ಕಿರಿಯರ ತಂಡಗಳಿಗೂ ಸಾಕರ್ ಶಾಲೆಗಳಿಗೂ ಇದರಿಂದ ತೊಂದರೆಯಿಲ್ಲ ಎಂದು ಹೇಳಿತು. ಸಂಬಳ ಸಿಗದ ಆಟಗಾರರ ಕಷ್ಟವನ್ನು ನಾನು ಸಣ್ಣದು ಮಾಡುತ್ತಿಲ್ಲ. ಮೇಲೆ ಏನೇ ಬಿದ್ದರೂ ಮಕ್ಕಳ ಭಾಗವನ್ನು ಬೇರೆಯಾಗಿ ಇಟ್ಟುಕೊಳ್ಳಲು ಸಾಧ್ಯ ಎಂಬುದಕ್ಕೆ ಅದೊಂದು ಸಾಕ್ಷಿ.

ಇನ್ನು ನಮ್ಮ ಮನೆಗೆ ಬರೋಣ.

ನಮ್ಮ ಬಹುತೇಕ ಕ್ಲಬ್‌ಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದವು. ಬೈಲಾ ಇದೆ, ವಾರ್ಷಿಕ ಮಹಾಸಭೆ ಇದೆ, ಲೆಕ್ಕಪತ್ರ ಒಪ್ಪಿಸುವ ಕಟ್ಟಳೆ ಇದೆ. ಎಲ್ಲವೂ ಕಾಗದದ ಮೇಲೆ ಚೆಂದ. ಜಗಳ ಹುಟ್ಟುವ ರೀತಿಯೂ ಒಂದೇ. ಕ್ಲಬ್ ಕಟ್ಟಿದವರು ಒಬ್ಬರು, ಈಗ ದುಡ್ಡು ಹಾಕುವವರು ಇನ್ನೊಬ್ಬರು, ಬೆಳಗಿನ ಐದೂವರೆಗೆ ಗ್ರೌಂಡಿಗೆ ಬಂದು ಕೋನ್ ಇಡುವವರು ಮತ್ತೊಬ್ಬರು. ಮೂವರಿಗೂ ಕ್ಲಬ್ ತಮ್ಮದೇ. ಒಂದು ದಿನ ಕೋರಂ ಇಲ್ಲದ ಸಭೆಯಲ್ಲಿ ಹೊಸ ಸಮಿತಿ ಆಯ್ಕೆಯಾಗುತ್ತದೆ. ಹಳೆಯವರು ತಡೆಯಾಜ್ಞೆ ತರುತ್ತಾರೆ. ಬ್ಯಾಂಕಿನವರು ಖಾತೆ ತಡೆಹಿಡಿಯುತ್ತಾರೆ. ಲೀಗಿಗೆ ಒಂದೇ ಹೆಸರಿನ ಕ್ಲಬ್ಬಿನಿಂದ ಎರಡು ಆಟಗಾರರ ಪಟ್ಟಿ ಹೋಗುತ್ತದೆ. ಲೀಗಿನವರು ಜಾಣರು, ಎರಡನ್ನೂ ಬದಿಗಿಡುತ್ತಾರೆ. ಮಕ್ಕಳಿಗೆ ಮಾತ್ರ ಈ ವಾರ ಮ್ಯಾಚ್ ಇಲ್ಲ, ಮುಂದಿನ ವಾರ ನೋಡೋಣ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬರುತ್ತದೆ. ಆ ಗುಂಪೂ ಅಷ್ಟರಲ್ಲಿ ಎರಡಾಗಿರುತ್ತದೆ.

ಆಗ ಯಾರೋ ಒಬ್ಬ ತಂದೆ ಮಗನನ್ನು ಬೇರೆ ಕ್ಲಬ್ಬಿಗೆ ಸೇರಿಸಲು ಹೊರಡುತ್ತಾರೆ. ಹಳೆಯ ಕ್ಲಬ್ಬಿನ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಸಹಿ ಹಾಕುವ ಅಧಿಕಾರ ಯಾವ ಕಾರ್ಯದರ್ಶಿಗಿದೆ ಎಂಬುದೇ ಕೋರ್ಟಿನಲ್ಲಿರುವಾಗ ಎನ್‌ಒಸಿ ಕೊಡುವವರು ಯಾರು? ಎಷ್ಟೋ ಸಲ ಸಹಿ ಹಾಕಬಲ್ಲವರೂ ಹಾಕುವುದಿಲ್ಲ. ಒಳ್ಳೆಯ ಸ್ಟ್ರೈಕರ್ ಕೈಬಿಟ್ಟರೆ ತಮ್ಮ ಬಣದ ಬಲ ಕುಗ್ಗುತ್ತದೆ ಎಂಬ ಲೆಕ್ಕ. ಹನ್ನೆರಡು ವರ್ಷದ ಹುಡುಗನನ್ನು ಒತ್ತೆಯಾಳಾಗಿ ಇಟ್ಟುಕೊಳ್ಳುವ ಈ ಪದ್ಧತಿಗೆ ನಾಚಿಕೆ ಎಂಬುದಕ್ಕಿಂತ ಮೃದುವಾದ ಮಾತು ನನಗೆ ಸಿಗುತ್ತಿಲ್ಲ.

ವಯಸ್ಸಿನ ಮೋಸವನ್ನು ನಾವು ಬೇರೆಯೇ ಕಾಯಿಲೆ ಎಂದುಕೊಂಡಿದ್ದೇವೆ. ಅದರ ಬೇರೂ ಇಲ್ಲೇ ಇದೆ. ಟ್ರೋಫಿ ಬಂದರೆ ಕ್ಲಬ್ಬಿಗೆ ಹೆಸರು, ಹೆಸರು ಬಂದರೆ ಸಂಘದಲ್ಲಿ ಸ್ಥಾನ, ಸ್ಥಾನ ಸಿಕ್ಕರೆ ಮುಂದಿನ ಚುನಾವಣೆಯಲ್ಲಿ ಮಾತಿಗೆ ತೂಕ. ಹಾಗಾಗಿ 15ರೊಳಗಿನವರ ಫೈನಲ್‌ಗೆ ಮೀಸೆ ಬೋಳಿಸಿಕೊಂಡ ಹುಡುಗ ಬರುತ್ತಾನೆ. ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸು ಅಂದಾಜಿಸುವ ಟಿಡಬ್ಲ್ಯೂ3 ಪರೀಕ್ಷೆ ಇದೆ, ಜನನ ಪ್ರಮಾಣಪತ್ರದ ಪರಿಶೀಲನೆ ಇದೆ. ಎರಡೂ ಇರಲಿ. ಸಿಕ್ಕಿಬಿದ್ದ ಹುಡುಗನಿಗೆ ನಿಷೇಧ ಬೀಳುತ್ತದೆ, ಅವನ ಕೈಗೆ ಆ ಪ್ರಮಾಣಪತ್ರ ಕೊಟ್ಟವರು ಮುಂದಿನ ಸಭೆಯಲ್ಲಿ ವಂದನಾರ್ಪಣೆ ಮಾಡುತ್ತಿರುತ್ತಾರೆ. ಈ ಸಭಾಂಗಣದಲ್ಲಿ ನಕ್ಕವರು ಯಾಕೆ ನಕ್ಕರೆಂದು ನನಗೆ ಗೊತ್ತು.

ರಾಜಕಾರಣಿಗಳನ್ನು ದೂರುವುದು ಸುಲಭ. ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷರ ಕುರ್ಚಿಯಲ್ಲೂ ಶಾಸಕರು ಕೂತದ್ದುಂಟು. ಆದರೆ ಅವರನ್ನು ಕರೆತಂದವರು ನಾವು. ಬೆಂಗಳೂರಿನಲ್ಲಿ ಮೈದಾನಗಳು ಪಾಲಿಕೆಯದ್ದು, ಶಿಕ್ಷಣ ಇಲಾಖೆಯದ್ದು, ಸೇನೆಯದ್ದು. ಕ್ಲಬ್ಬಿನದ್ದು ಎಂಬುದು ಹುಡುಕಿದರೂ ಸಿಗದು. ಗೇಟಿನ ಬೀಗ ತೆಗೆಸಲು ಯಾರಾದರೊಬ್ಬರು ಫೋನ್ ಮಾಡಬೇಕು. (2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಫೋನ್ ಮಾಡಲು ಕಾರ್ಪೊರೇಟರೂ ಇಲ್ಲದೆ ನಮ್ಮ ಕಾರ್ಯದರ್ಶಿಗಳು ಪಟ್ಟ ಪಾಡು ಬೇರೆ.) ಬೀಗ ತೆಗೆಸಿದವರಿಗೆ ಹಾರ ಹಾಕಿ, ಗೌರವಾಧ್ಯಕ್ಷರನ್ನಾಗಿ ಮಾಡಿ, ಆಮೇಲೆ ಅವರ ಹುಡುಗರು ಸಮಿತಿಯಲ್ಲಿ ತುಂಬಿಕೊಂಡರೆಂದು ಅಳುತ್ತೇವೆ.

ಹೀಗೆ ಜಗಳವಾಡುವ ನಾವು ಆಟ ಗೊತ್ತಿಲ್ಲದ ನಾಡಿನವರೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ನಾವು ಮತ್ತೆ ಅದನ್ನು ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಐವತ್ತನಾಲ್ಕು ವರ್ಷದ ಬರಕ್ಕೆಲ್ಲ ಸಂಘದ ರಾಜಕೀಯವೇ ಕಾರಣ ಎಂದರೆ ಸುಳ್ಳಾಗುತ್ತದೆ. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳು ಸೊರಗಿದವು, ಆಟಗಾರನಿಗೆ ನೌಕರಿಯ ಭರವಸೆ ಹೋಯಿತು, ಕ್ರಿಕೆಟ್ ಎಲ್ಲವನ್ನೂ ನುಂಗಿತು. ಆದರೂ ಗೌತಮಪುರ, ಆಸ್ಟಿನ್ ಟೌನ್‌ನಂಥ ಕೇರಿಗಳಲ್ಲಿ ಹುಡುಗರು ಇಂದಿಗೂ ಆಡುತ್ತಿದ್ದಾರೆ. ಕೊರತೆ ಮಕ್ಕಳದ್ದಲ್ಲ.

ಜಗಳ ಮುಂದೆ ಇನ್ನೂ ಹೆಚ್ಚಾಗುತ್ತದೆ, ಏಕೆಂದರೆ ಹಣ ಬರುತ್ತಿದೆ. ಆಟಗಾರನೊಬ್ಬ ದುಡ್ಡಿಗೆ ವಿದೇಶದ ಕ್ಲಬ್ಬಿಗೆ ವರ್ಗವಾದರೆ ಆ ಮೊತ್ತದ ಶೇ 5ರಷ್ಟನ್ನು 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. 15ರವರೆಗಿನ ಪ್ರತಿ ವರ್ಷಕ್ಕೆ ಶೇ 0.25, ನಂತರದ ಪ್ರತಿ ವರ್ಷಕ್ಕೆ ಶೇ 0.5. ಕೇಳಲು ಸಣ್ಣದು, ಆದರೆ ಬಾಡಿಗೆ ಗ್ರೌಂಡಿನ ಕ್ಲಬ್ಬಿಗೆ ಅದು ಹತ್ತು ವರ್ಷದ ಚೆಂಡು, ಜರ್ಸಿಯ ಖರ್ಚಾಗಬಹುದು. ಅದನ್ನು ಪಡೆಯಲು ಆ ಹುಡುಗ ಯಾವ ವರ್ಷ ಯಾರ ಬಳಿ ನೋಂದಣಿಯಾಗಿದ್ದ ಎಂಬ ದಾಖಲೆ ಬೇಕು. ಜಗಳವಾದಾಗ ರಿಜಿಸ್ಟರನ್ನು ಮನೆಗೆ ಎತ್ತಿಕೊಂಡು ಹೋದವರು ಇದನ್ನು ಯೋಚಿಸಿದ್ದಾರೆಯೇ?

ಪೋಷಕರಿಗೆ ಒಂದು ಮಾತು. ನಿಮ್ಮ ಮಗಳನ್ನು ಬೆಂಚಿನಲ್ಲಿ ಕೂರಿಸಿದ ಕೋಚನ್ನು ಬದಲಿಸಲು ನೀವು ಸಮಿತಿಗೆ ನಿಲ್ಲಬೇಡಿ. ಲೆಕ್ಕ ಕೇಳಲು ನಿಲ್ಲಿ, ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಇಲ್ಲವೆಂದು ಕೇಳಲು ನಿಲ್ಲಿ, ಕೋಚ್ ಮೇಲೆ ದೂರು ಬಂದರೆ ಅದನ್ನು ಕೇಳುವವರು ಅವರ ಬಣದ ಹೊರಗಿನವರಾಗಿರಬೇಕು ಎಂದು ಹಟ ಹಿಡಿಯಲು ನಿಲ್ಲಿ.

ಮಧ್ಯಾಹ್ನದ ಅಧಿವೇಶನಕ್ಕೆ ಮೂರು ನಿರ್ಣಯಗಳು ಬರುತ್ತಿವೆ. ಮಕ್ಕಳ ಲೀಗಿನ ಫಿಕ್ಸ್‌ಚರ್ ಒಮ್ಮೆ ಪ್ರಕಟವಾದರೆ ಕ್ಲಬ್ಬಿನಲ್ಲಿ ಯಾವ ವ್ಯಾಜ್ಯವಿದ್ದರೂ ಕಳೆದ ಸೀಸನ್ನಿನಲ್ಲಿ ನೋಂದಣಿಯಾದ ಮಕ್ಕಳು ಕ್ಲಬ್ಬಿನ ಹೆಸರಿನಲ್ಲೇ ಆಡುತ್ತಾರೆ, ಅಗತ್ಯ ಬಿದ್ದರೆ ಲೀಗೇ ಒಬ್ಬ ಮ್ಯಾನೇಜರನ್ನು ಕೊಡುತ್ತದೆ, ಇದು ಮೊದಲನೆಯದು. 16 ವರ್ಷದೊಳಗಿನವರ ಎನ್‌ಒಸಿಗೆ ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಕೊಟ್ಟಂತೆಯೇ ಎಂಬುದು ಎರಡನೆಯದು. ಸತತ ಎರಡು ಸೀಸನ್ ಮಕ್ಕಳ ತಂಡ ಇಳಿಸದ ಕ್ಲಬ್ಬಿಗೆ ಜಿಲ್ಲಾ ಸಂಘದ ಚುನಾವಣೆಯಲ್ಲಿ ಮತವಿಲ್ಲ ಎಂಬುದು ಮೂರನೆಯದು. ಮೂರನೆಯದಕ್ಕೆ ವಿರೋಧ ಬರುತ್ತದೆ. ಚುನಾವಣೆಯ ದಿನ ಮಾತ್ರ ಜೀವ ಬರುವ ಕ್ಲಬ್‌ಗಳು ಎಷ್ಟಿವೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಚರ್ಚೆಯಾಗಲಿ, ತಿದ್ದುಪಡಿಯಾಗಲಿ, ಬೇಕಾದರೆ ಮುಂದಿನ ವರ್ಷಕ್ಕೆ ಹೋಗಲಿ. ಮೊದಲ ಎರಡಕ್ಕೆ ಮಾತ್ರ, ಯಾವ ಬಣದವರಾದರೂ ಸರಿ, ಇವತ್ತೇ ಕೈ ಎತ್ತಿ ಎಂದು ಕೇಳಿಕೊಳ್ಳುತ್ತೇನೆ.