ಕೈಗೆ ಮತ್ತೆ ಕೆಲಸ ಕಲಿಸುವವರು



ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆಗೆ ಓಡುತ್ತೇವೆ, ಜೀವ ಉಳಿಯುತ್ತದೆ, ಮನೆಗೆ ಕರೆತರುತ್ತೇವೆ. ಆದರೆ ಬಲಗೈ ತುತ್ತು ಎತ್ತುವುದಿಲ್ಲ, ಸೀರೆಯ ನೆರಿಗೆ ಹಿಡಿಯುವುದಿಲ್ಲ. ಅಯ್ಯೋ ಪಾಪ ಎಂದು ಸೊಸೆ ಉಣಿಸುತ್ತಾಳೆ, ಮಗ ಸ್ನಾನ ಮಾಡಿಸುತ್ತಾನೆ. ಪ್ರೀತಿಯಿಂದ ಮಾಡಿದ ಈ ಸೇವೆಯಲ್ಲೇ ಆ ಕೈ ಕೆಲಸ ಮರೆತು ಕೂರುತ್ತದೆ. ಚೇತರಿಕೆಯ ಹೆಚ್ಚಿನ ಪಾಲು ಆಗುವುದು ಮೊದಲ ಕೆಲವು ತಿಂಗಳಲ್ಲಿ. ಆ ತಿಂಗಳುಗಳು ಸುಮ್ಮನೆ ಕಳೆಯಬಾರದು. ಆಗ ಯಾರನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಎಂಬುದೇ ಇಂದಿನ ಮಾತು.

ಇವರಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಎಂದು ಹೆಸರು. ಹೆಸರು ಕೇಳಿ ನೌಕರಿ ಕೊಡಿಸುವವರು ಎಂದುಕೊಳ್ಳಬೇಡಿ. ಉಣ್ಣುವುದು, ಉಡುವುದು, ಮೀಯುವುದು, ಬರೆಯುವುದು, ಏಲಕ್ಕಿ ಬಿಡಿಸುವುದು, ಹೀಗೆ ದಿನದ ಕೆಲಸವನ್ನೇ ಮದ್ದಾಗಿ ಬಳಸಿ ದೇಹಕ್ಕೆ ಮತ್ತೆ ಕಲಿಸುವವರು ಇವರು. ಫಿಸಿಯೋಥೆರಪಿಯವರು ಮುಖ್ಯವಾಗಿ ಸ್ನಾಯು, ಕೀಲು, ನಡಿಗೆಗಳನ್ನು ನೋಡಿದರೆ, ಇವರು ಆ ಬಲವನ್ನು ಬಾಳಿಗೆ ಜೋಡಿಸುತ್ತಾರೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಬಚ್ಚಲಲ್ಲಿ ಹಿಡಿಕೆ ಹಾಕಿಸುವುದು, ಕೈಗೆ ತಕ್ಕ ಪಟ್ಟಿ ಮಾಡಿಕೊಡುವುದು ಇವರ ಕೆಲಸವೇ. ಭಾರತದಲ್ಲಿ ಈ ವಿದ್ಯೆಯ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈಯಲ್ಲಿ ತೆರೆದವರು ಕಮಲಾ ನಿಂಬಕರ್. 1952ರಲ್ಲಿ ಇವರ ಅಖಿಲ ಭಾರತ ಸಂಘವೂ ಹುಟ್ಟಿತು. ಆದರೂ ಬೆಟ್ಟದ ಊರುಗಳಿಗೆ ಈ ಹೆಸರು ಇನ್ನೂ ಹೊಸದು.

ಬೋಡಿಮೆಟ್ಟಿನವರು ತಿರುವುಗಳನ್ನು ಇಳಿದು ಬೋಡಿನಾಯಕನೂರಿಗೆ ಬರಬೇಕು. ಅಲ್ಲಿಂದ ತೇನಿ ದಾಟಿ ಕಾನಾವಿಲಕ್ಕಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹುಡುಕಾಟವನ್ನು ಅಲ್ಲಿಂದ ತೊಡಗಿರಿ. ಬರೇ 'ಓ.ಟಿ. ಎಲ್ಲಿ' ಎಂದು ಕೇಳಿದರೆ ಆಪರೇಷನ್ ಥಿಯೇಟರಿನ ಬಾಗಿಲು ತೋರಿಸಿಯಾರು! ಹೆಸರನ್ನು ಪೂರ್ತಿ ಹೇಳಿ, ಪುನರ್ವಸತಿ ವಿಭಾಗ ಯಾವುದೆಂದು ವಿಚಾರಿಸಿ. ಅಲ್ಲಿ ಸಿಗದಿದ್ದರೆ ಮಧುರೆಯ ರಾಜಾಜಿ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. 2023ರಿಂದ ಬೋಡಿಗೆ ಮತ್ತೆ ರೈಲು ಬಂದಿರುವುದರಿಂದ ಮಧುರೆಯ ದಾರಿ ಈಗ ಅಷ್ಟು ಕಷ್ಟದ್ದಲ್ಲ.

ಕುತ್ತಿಗೆ ನಿಲ್ಲದ, ಕೂರಲು ತಡ ಮಾಡುವ ಮಗುವಿದ್ದರೆ 'ಬೆಳೆದಂತೆ ಸರಿಹೋಗುತ್ತದೆ' ಎಂದು ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳನ್ನು ಪರೀಕ್ಷಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುವ ಏರ್ಪಾಡಿದೆ. ಅಂಗನವಾಡಿ ಇಲ್ಲವೇ ಶಾಲೆಯಲ್ಲಿ ಕೇಳಿ. ತಮಿಳುನಾಡಿನಲ್ಲಿ 2021ರಿಂದ ನಡೆದಿರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಫಿಸಿಯೋಥೆರಪಿ ಮನೆ ಬಾಗಿಲಿಗೆ ಬರುತ್ತದೆ. ಹಾಗೆ ಬಂದವರನ್ನೇ ಮುಂದಿನ ದಾರಿ ಕೇಳಬಹುದು. ಜಿಲ್ಲೆಯ ಅಂಗವಿಕಲರ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ದೇಶಕ್ಕೆಲ್ಲ ಸಲ್ಲುತ್ತದೆ. ಆದರೆ ಒಂದು ರಾಜ್ಯದ ಪಿಂಚಣಿ, ವಿಮೆ ಗಡಿಯಾಚೆಗೂ ನಡೆಯುತ್ತದೆಂದು ನಂಬಿ ಕೇರಳದ ಕಡೆಗೆ ಹತ್ತಬೇಡಿ. ಮೊದಲು ಕೇಳಿಕೊಳ್ಳಿ.

ಇನ್ನು, ಸಿಕ್ಕವರು ಸರಿಯಾಗಿ ಓದಿದವರೇ? ಈ ಪದವಿಗೆ ನಾಲ್ಕು ವರ್ಷಕ್ಕೂ ಮೀರಿದ ಓದು ಮತ್ತು ಆಸ್ಪತ್ರೆಯ ತರಬೇತಿ ಬೇಕು. ಪದವಿ ಯಾವುದು, ಯಾವ ಕಾಲೇಜು, ನೋಂದಣಿ ಸಂಖ್ಯೆ ಏನು ಎಂದು ಕೇಳಲು ಸಂಕೋಚ ಬೇಡ. 2021ರ ಕೇಂದ್ರ ಕಾಯಿದೆ ಈ ವೃತ್ತಿಯನ್ನೂ ಒಳಗೊಂಡು, ರಾಜ್ಯಕ್ಕೊಂದು ಮಂಡಳಿ ಮತ್ತು ನೋಂದಣಿಯ ನಿಯಮ ಮಾಡಿದೆ. ಭಾರತೀಯ ಪುನರ್ವಸತಿ ಪರಿಷತ್ತಿನ ಪ್ರಮಾಣಪತ್ರವುಳ್ಳ ವಿಶೇಷ ಶಿಕ್ಷಕರೂ ಬೇಕಾದವರೇ, ಆದರೆ ಅವರ ವಿದ್ಯೆ ಬೇರೆ. ಎಣ್ಣೆ ತಿಕ್ಕಿ, ಹದಿನೈದು ದಿನದಲ್ಲಿ ನಡೆಸುತ್ತೇನೆಂದು ಮುಂಗಡ ಕೇಳುವವರಿಗೆ ದೂರದಿಂದಲೇ ಕೈಮುಗಿಯಿರಿ.

ಎರಡು ನುಡಿಯ ನಮ್ಮ ಮನೆಗಳಿಗೆ ಇನ್ನೊಂದು ಮಾತು. ಪಾರ್ಶ್ವವಾಯುವಿನ ನಂತರ ಎರಡು ಭಾಷೆಗಳೂ ಒಂದೇ ಅಳತೆಯಲ್ಲಿ ಮರಳಬೇಕೆಂದಿಲ್ಲ. ಸಂತೆಯಲ್ಲಿ ಸಲೀಸಾಗಿ ತಮಿಳಾಡಿದ ಅಜ್ಜಿಗೆ ಈಗ ಕನ್ನಡವಷ್ಟೇ ತಿಳಿಯಬಹುದು. ಕೈ ಎತ್ತಿ ಎಂದು ತಮಿಳಿನಲ್ಲಿ ಹೇಳಿದಾಗ ಎತ್ತದಿದ್ದರೆ, ಅದು ಕೈಯ ಸೋಲೋ ಮಾತಿನ ಸೋಲೋ ಎಂದು ಚಿಕಿತ್ಸಕರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಮನೆಮಾತು ಬಲ್ಲ ಒಬ್ಬರು ಜೊತೆಗೆ ಹೋಗಲೇಬೇಕು. 'ನಮ್ಮ ಮನೆಯಲ್ಲಿ ಕನ್ನಡ' ಎಂದು ಮೊದಲೇ ಹೇಳಿ, ಕೂರು, ಏಳು, ಹಿಡಿ, ಬಿಡು ಎಂಬ ನಾಲ್ಕು ಮಾತನ್ನು ಅವರಿಗೂ ಕಲಿಸಿ.

ಅಜ್ಜಿ ಮನೆಯಲ್ಲಿ ಏನೇನು ಮಾಡುತ್ತಿದ್ದರು, ಬಚ್ಚಲಿಗೆ ಎಷ್ಟು ಮೆಟ್ಟಿಲು, ನೆಲದ ಮೇಲೆ ಊಟವೋ ಮೇಜಿನ ಮೇಲೋ ಎಂದು ಬರೆದುಕೊಂಡು ಹೋಗಿ. ವಾರಕ್ಕೊಮ್ಮೆ ಬೆಟ್ಟ ಇಳಿಯುವುದು ಕಷ್ಟವಾದರೆ, ಮನೆಯಲ್ಲಿ ಮಾಡುವ ಅಭ್ಯಾಸವನ್ನು ಕಲಿತು ಬನ್ನಿ. ಹೇಳಿದ್ದನ್ನು ದಿನವೂ ಮಾಡಿಸಿ. ತುತ್ತು ಅರ್ಧ ಚೆಲ್ಲಿದರೂ ಚಿಂತೆಯಿಲ್ಲ, ತಮ್ಮ ಕೈಯಿಂದಲೇ ಉಣ್ಣಲಿ.