ಅರವತ್ತೈದರ ಲಕೋಟೆಗಳು



ಊರಿಗೆ ಬಂದಾಗಲೆಲ್ಲ ನೀವು ಕೇಳುವ ಮಾತೊಂದಿದೆ: "ಅಮೆರಿಕದಲ್ಲಿ ವಯಸ್ಸಾದವರಿಗೆ ಆಸ್ಪತ್ರೆ ಪುಕ್ಕಟೆಯಂತಲ್ಲ?" ಮೊದಲ ತಂಡದ ನಾವೆಲ್ಲ ಈಗ 65ರ ಆಚೀಚೆ. ನಿಮ್ಮಲ್ಲಿ ಕೆಲವರು ಮಕ್ಕಳ ಬಳಿ ಹೋಗಿ ನೆಲೆಸುವ ಯೋಚನೆಯಲ್ಲಿದ್ದೀರಿ. ಶಾಲೆಯ ನೆನಪುಗಳನ್ನು ಬೇರೆಯವರು ಹೇಳಲಿ, ನಾನು ಇದನ್ನು ಹೇಳುತ್ತೇನೆ.

ಪುಕ್ಕಟೆಯಲ್ಲ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಮೆಡಿಕೇರ್‌ನಲ್ಲಿ ಎ ಭಾಗ ಆಸ್ಪತ್ರೆಗೆ, ಬಿ ಭಾಗ ವೈದ್ಯರಿಗೆ. ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಎ ಭಾಗದ ಕಂತಿಲ್ಲ. ಬಿ ಭಾಗಕ್ಕೆ 2025ರಲ್ಲಿ ತಿಂಗಳಿಗೆ 185 ಡಾಲರ್, ಆದಾಯ ಹೆಚ್ಚಿದ್ದವರಿಗೆ ಇನ್ನೂ ಹೆಚ್ಚು. ಅದರ ಮೇಲೆ ವೈದ್ಯರ ಬಿಲ್ಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 20 ನಮ್ಮದೇ. ಅದಕ್ಕೆ ಮೇಲ್ಮಿತಿ ಇಲ್ಲ. ಅಲ್ಲಿ ದುಡಿಯದ, ಗ್ರೀನ್ ಕಾರ್ಡ್ ಪಡೆದ ತಂದೆತಾಯಿ ಸತತ ಐದು ವರ್ಷ ಅಲ್ಲಿದ್ದ ಮೇಲಷ್ಟೇ ಕಂತು ಕಟ್ಟಿ ಸೇರಬಹುದು.

65 ಹತ್ತಿರವಾಗುತ್ತಿದ್ದಂತೆ ನಮ್ಮ ಅಂಚೆಪೆಟ್ಟಿಗೆ ಲಕೋಟೆಗಳಿಂದ ತುಂಬಿತು. ಖಾಸಗಿ ಕಂಪನಿಗಳ ಮೆಡಿಕೇರ್ ಅಡ್ವಾಂಟೇಜ್! ಸೊನ್ನೆ ಕಂತು, ಹಲ್ಲು, ಕನ್ನಡಕ, ಜಿಮ್ ಕೂಡ. ಸೊನ್ನೆ ಎಂದರೂ ಬಿ ಭಾಗದ ಕಂತು ತಪ್ಪದು. ಆದರೆ ವರ್ಷದ ಖರ್ಚಿಗೆ ಮಿತಿಯಿದೆ, ಅದು ಸಣ್ಣ ಮಾತಲ್ಲ. ಬದಲಿಗೆ ಸಾಮಾನ್ಯವಾಗಿ ಅವರ ಪಟ್ಟಿಯ ವೈದ್ಯರಲ್ಲಿಗೇ ಹೋಗಬೇಕು, ದೊಡ್ಡ ಚಿಕಿತ್ಸೆಗೆ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು.

ನನ್ನದೇ ವಯಸ್ಸಿನ ನನ್ನ ಶ್ರೀಮತಿಗೆ ಸಂಧಿವಾತ. ಎಂಟು ವರ್ಷದಿಂದ ಒಬ್ಬರೇ ವೈದ್ಯರು. ಅವರು ಪಟ್ಟಿಯಲ್ಲಿದ್ದಾರೆ ಎಂದ ಏಜೆಂಟ್. ಶ್ರೀಮತಿ ನೇರವಾಗಿ ಕ್ಲಿನಿಕ್ಕಿಗೇ ಫೋನ್ ಮಾಡಿದರು: "ಆ ಯೋಜನೆ ನಾವು ತೆಗೆದುಕೊಳ್ಳುವುದಿಲ್ಲ." ಏಜೆಂಟರಿಗೆ ಕಮಿಷನ್ ಇರುತ್ತದೆ ಎಂಬುದನ್ನು ಮರೆಯಬಾರದು ನೋಡಿ.

ಇನ್ನೊಂದು ದಾರಿ ಸರ್ಕಾರದ ಮೆಡಿಕೇರ್ ಇಟ್ಟುಕೊಂಡು ಮೇಲೆ ಮೆಡಿಗ್ಯಾಪ್ ಕೊಳ್ಳುವುದು, ಜೊತೆಗೆ ಔಷಧಿಗೆ ಡಿ ಭಾಗ. ಕಂತು ಜಾಸ್ತಿ. ಆದರೆ ಮೆಡಿಕೇರ್ ಒಪ್ಪುವ ಯಾವ ವೈದ್ಯರಾದರೂ ಸರಿ. ಗಮನಿಸಬೇಕಾದ್ದು ಇಲ್ಲಿ: 65 ತುಂಬಿ ಬಿ ಭಾಗ ಶುರುವಾದ ಆರು ತಿಂಗಳು ಕಂಪನಿ ಕಾಯಿಲೆ ನೋಡಿ ನಿರಾಕರಿಸುವಂತಿಲ್ಲ. ಆಮೇಲೆ ಬಹುತೇಕ ರಾಜ್ಯಗಳಲ್ಲಿ ನಿರಾಕರಿಸಬಹುದು. ಸಂಧಿವಾತದವರಿಗೆ ಆ ಬಾಗಿಲು ಮತ್ತೆ ತೆರೆಯುತ್ತದೆಂದು ಯಾರು ಹೇಳುವುದು?

ಗಂಡ ಹೆಂಡತಿ ಒಂದೇ ಯೋಜನೆ ಸೇರಬೇಕೆಂದಿಲ್ಲ. ಅವರಿಗೆ ಮೆಡಿಗ್ಯಾಪ್, ನನಗೆ ಅಡ್ವಾಂಟೇಜ್ ಎಂದು ತೀರ್ಮಾನಿಸಿದೆವು. ಎರಡು ಮೆಡಿಗ್ಯಾಪ್ ಕಂತು ನಮ್ಮ ಪಿಂಚಣಿಗೆ ಭಾರ. ಮುಂದೆ ನನಗೆ ಕಾಯಿಲೆ ಬಂದರೆ ಆ ಬಾಗಿಲು ನನಗೂ ಮುಚ್ಚಬಹುದು, ಗೊತ್ತಿದ್ದೇ ಒಪ್ಪಿದ್ದೇನೆ. ಅಡ್ವಾಂಟೇಜ್ ಕಂಪನಿಯನ್ನಾದರೂ ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಬದಲಿಸಬಹುದು.

ಏನನ್ನೂ ಮಾರದೆ ಉಚಿತವಾಗಿ ಸಲಹೆ ಕೊಡುವ ಶಿಪ್ ಎಂಬ ವ್ಯವಸ್ಥೆ ಪ್ರತಿ ರಾಜ್ಯದಲ್ಲೂ ಇದೆ. ಮಕ್ಕಳಿಗೆ ಹೇಳಿ, ಮೊದಲು ಅಲ್ಲಿಗೆ ಫೋನ್ ಮಾಡಿಸಿ. ಇನ್ನು, ಸರ್ಕಾರದ ಮೆಡಿಕೇರ್ ಭಾರತದಲ್ಲಿ ನಡೆಯುವುದಿಲ್ಲ. ಊರಿಗೆ ಬರುವಾಗ ಪ್ರಯಾಣದ ವಿಮೆ ಬೇರೆ ಮಾಡಿಸಿಯೇ ವಿಮಾನ ಹತ್ತುತ್ತೇವೆ.

ಊಟವಾದ ಮೇಲೆ ಎಂಟನೇ ತರಗತಿ ಕೋಣೆಯಲ್ಲಿ ಕೂತಿರುತ್ತೇನೆ. ಕಾಗದಪತ್ರ ತಂದವರು ಅಲ್ಲಿಗೆ ಬನ್ನಿ.